ಮಗಳು ಎರಡು ವರ್ಷದಿಂದ ‘ಮಾಲಿಕ್ಯೂಲ್ ಮಾಡ್ತೀವಿ’ ಅಂತಾಳೆ, ಒಂದು ಮಾತ್ರೆನೂ ಹೊರಗೆ ಬಂದಿಲ್ಲ. ಇದೇನು ಕೆಲಸ?

ರಾಜಾಜಿನಗರ_ಅಪ್ಪ · ಭಾನುವಾರ ಬೆಳಗ್ಗೆ 10:12

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕಿನಿಂದ ರಿಟೈರ್ ಆದವನು. ಕೆಮಿಸ್ಟ್ರಿ ಪಿಯುಸಿಗೇ ಮುಗೀತು, ಅದೂ ಹೇಗೋ ಪಾಸಾಗಿ. ಮಗಳು ಎಂಎಸ್ಸಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಓದಿ ಎರಡು ವರ್ಷದಿಂದ ಜಿಗಣಿ ಕಡೆ ಒಂದು ಕಂಪನಿಯಲ್ಲಿದ್ದಾಳೆ. ಬೆಳಗ್ಗೆ 6:40ಕ್ಕೆ ಕ್ಯಾಬ್, ಮನೆ ಸೇರೋದು ರಾತ್ರಿ 8 ದಾಟಿದ ಮೇಲೆ. ಏನಮ್ಮಾ ಕೆಲಸ ಅಂದ್ರೆ ‘ಮಾಲಿಕ್ಯೂಲ್ ಮಾಡ್ತೀವಿ ಅಪ್ಪ’. ಯಾವ ಕಾಯಿಲೆಗೆ ಅಂದ್ರೆ ‘ನನಗೂ ಗೊತ್ತಿಲ್ಲ’. ನೀನು ಮಾಡಿದ ಔಷಧಿ ಯಾವುದಾದ್ರೂ ಅಂಗಡಿಗೆ ಬಂತಾ ಅಂದ್ರೆ ನಗ್ತಾಳೆ.

ಮೊನ್ನೆ ಒಂದು ಗೃಹಪ್ರವೇಶದಲ್ಲಿ ಮಗಳು ‘ಮೆಡಿಸಿನಲ್ ಕೆಮಿಸ್ಟ್’ ಅಂದೆ. ನಮ್ಮ ಷಡ್ಡಕರು ‘ಓ, ಮೆಡಿಕಲ್ ಶಾಪಾ? ಒಳ್ಳೇದು, ಡಿಸ್ಕೌಂಟ್ ಸಿಗುತ್ತೆ’ ಅಂದುಬಿಟ್ಟರು. ಏನು ಉತ್ತರ ಕೊಡಬೇಕೋ ತಿಳಿಯದೆ ಪಾಯಸ ಕುಡಿದು ಬಂದೆ.

ದಯವಿಟ್ಟು ಯಾರಾದ್ರೂ ನನ್ನಂಥವನಿಗೆ ಅರ್ಥ ಆಗೋ ಹಾಗೆ ಹೇಳಿ. ಬೀಗ, ಬೀಗದ ಕೈ ಅಂತ ಎಲ್ಲೋ ಓದಿದ್ದೀನಿ. ರೋಗ ಬೀಗವಂತೆ, ಔಷಧಿ ಬೀಗದ ಕೈಯಂತೆ. ಬೀಗ ಯಾವುದು ಅಂತ ಗೊತ್ತಿದ್ದರೆ ಕೈ ಮಾಡೋದಕ್ಕೆ ಇಷ್ಟು ವರ್ಷ ಬೇಕಾ?

ಸಿಲಿಕಾಜೆಲ್ · 10:55

ಸಾರ್, ನಿಮ್ಮ ಮಗಳ ಕೆಲಸವನ್ನೇ ನಾನು 16 ವರ್ಷದಿಂದ ಮಾಡ್ತಾ ಇದ್ದೀನಿ. ಮೊದಲು ಬೊಮ್ಮಸಂದ್ರ, ಈಗ ಯಶವಂತಪುರದ ಕಡೆ. ನಾನು ಮಾಡಿದ ಮಾಲಿಕ್ಯೂಲ್ ಒಂದೂ ಇವತ್ತಿನ ತನಕ ಅಂಗಡಿಗೆ ಬಂದಿಲ್ಲ. ಸಂಬಳ ಮಾತ್ರ ತಪ್ಪದೆ ಬಂದಿದೆ.

ಬೀಗ–ಕೈ ಮಾತು ಸರಿ, ಎಮಿಲ್ ಫಿಷರ್ 1894ರಲ್ಲೇ ಹೇಳಿದ್ದು. ಆದ್ರೆ ಅದು ಅರ್ಧ ಕಥೆ. ಕೈ ಮಾಡಿ ನಿಮ್ಮ ಕೈಗೆ ಕೊಟ್ಟರೆ ಬೀಗ ತೆಗೀಬಹುದು. ಇಲ್ಲಿ ಆ ಕೈನ ಬಾಯಿಗೆ ಹಾಕಿ ನುಂಗಬೇಕು. ಹೊಟ್ಟೆಯ ಆಸಿಡ್‌ನಲ್ಲಿ ಕರಗಿ ಹೋಗಬಾರದು. ಕರುಳಿನ ಗೋಡೆ ದಾಟಬೇಕು. ಲಿವರ್‌ನಲ್ಲಿ ಕತ್ತರಿಸೋಕೆ ಅಂತಲೇ ಕಿಣ್ವಗಳು ಕೂತಿರ್ತಾವೆ, ಅವುಗಳಿಂದ ತಪ್ಪಿಸಿಕೊಳ್ಳಬೇಕು. ರಕ್ತದಲ್ಲಿ ಸಿಕ್ಕ ಸಿಕ್ಕ ಪ್ರೋಟೀನಿಗೆ ಅಂಟಿಕೊಂಡು ಕೂರಬಾರದು. ಇಷ್ಟೆಲ್ಲ ದಾಟಿ ಸರಿಯಾದ ಮನೆಯ ಬೀಗಕ್ಕೆ ಸೇರಬೇಕು, ಪಕ್ಕದ ಮನೆ ಬೀಗ ತೆಗೀಬಾರದು. ಕೆಲಸ ಆದಮೇಲೆ ದೇಹದಿಂದ ಹೊರಗೂ ಹೋಗಬೇಕು. ಬೀಗಕ್ಕೆ ಕೂರೋ ಮಾಲಿಕ್ಯೂಲನ್ನ ನಾವು ಎಷ್ಟೋ ಸಲ ಮೊದಲ ವರ್ಷವೇ ಮಾಡಿರ್ತೀವಿ. ಉಳಿದ ವರ್ಷಗಳೆಲ್ಲ ಈ ದಾರಿಖರ್ಚಿಗೆ.

ಬಸವನಗುಡಿ_ಮೆಡಿಕಲ್ಸ್ · 11:20

ನಾನು ನಿಜವಾದ ಮೆಡಿಕಲ್ ಶಾಪಿನವನು, ನಿಮ್ಮ ಷಡ್ಡಕರಿಗೆ ನನ್ನ ನಮಸ್ಕಾರ ತಿಳಿಸಿ 🙂

ಒಂದು ಉದಾಹರಣೆ ನನ್ನ ಕೌಂಟರಿನಿಂದಲೇ ಕೊಡ್ತೀನಿ. ಬೆಂಗಳೂರಿನಲ್ಲಿ ಅಲರ್ಜಿ ಇಲ್ಲದ ಮನೆ ಯಾವುದು? ಕಾಂಗ್ರೆಸ್ ಗಿಡ, ಧೂಳು, ಚಳಿಗಾಲದ ಬೆಳಗಿನ ಸೀನು. ಹಳೇ ಗಿರಾಕಿಗಳು ‘ಅವಿಲ್ ಕೊಡಿ’ ಅಂತಾರೆ. ತಿಂದು ಮಧ್ಯಾಹ್ನ ಪೂರ್ತಿ ತೂಕಡಿಸ್ತಾರೆ. ಮಧ್ಯ ವಯಸ್ಸಿನವರು ಸೆಟ್ರಿಜಿನ್. ಅದಕ್ಕೂ ಕೆಲವರಿಗೆ ಮಂಪರು. ಕಾರು ಓಡಿಸೋರಿಗೆ ಡಾಕ್ಟರು ಫೆಕ್ಸೋಫೆನಡಿನ್ ಬರೀತಾರೆ, ಅಂದ್ರೆ ಅಲ್ಲೆಗ್ರಾ. ಮೂರೂ ಮುಚ್ಚೋದು ಅದೇ ಹಿಸ್ಟಮಿನ್ ರಿಸೆಪ್ಟರ್ ಅನ್ನೇ, ಅಂದ್ರೆ ಅಲರ್ಜಿ ಎಬ್ಬಿಸೋ ಹಿಸ್ಟಮಿನ್ ಬಂದು ಕೂರೋ ಬೀಗವನ್ನ. ಮತ್ತೆ ಒಂದಕ್ಕೆ ನಿದ್ದೆ, ಇನ್ನೊಂದಕ್ಕೆ ಇಲ್ಲ, ಯಾಕೆ? ಡಿ.ಫಾರ್ಮದಲ್ಲಿ ಓದಿದ್ದೆ, ಈಗ ಮರೆತಿದೆ. ಸಿಲಿಕಾಜೆಲ್ ಸಾರ್ ಹೇಳಲಿ.

ಸಿಲಿಕಾಜೆಲ್ · 11:58

ಅಬ್ಬಾ, ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಕೂತ್ಕೊಳ್ಳಿ.

ಅವಿಲ್ ಒಳಗಿರೋ ಫೆನಿರಮಿನ್ ಚಿಕ್ಕದು, ಜಿಡ್ಡಿನಲ್ಲಿ ಸುಲಭವಾಗಿ ಕರಗೋದು. ಮೆದುಳಿನ ಸುತ್ತ ರಕ್ತನಾಳಗಳಲ್ಲಿ ಒಂದು ಬಿಗಿ ಕಾವಲು ಇದೆ. ಜಿಡ್ಡಿನ ಸ್ವಭಾವದ ಚಿಕ್ಕ ಮಾಲಿಕ್ಯೂಲ್‌ಗಳು ಆ ಕಾವಲು ದಾಟಿ ಒಳಗೆ ನುಗ್ತಾವೆ. ಮೆದುಳಿನಲ್ಲಿ ಹಿಸ್ಟಮಿನ್ ಮಾಡೋ ಕೆಲಸ ನಮ್ಮನ್ನ ಎಚ್ಚರ ಇಡೋದು. ಅಲ್ಲಿ ಅದನ್ನ ತಡೆದರೆ ತೂಕಡಿಕೆ.

ಹೈಡ್ರಾಕ್ಸಿಝಿನ್ ಅಂತ ಇನ್ನೊಂದು ಹಳೇ ಔಷಧಿ, ಅದಕ್ಕೂ ಸಿಕ್ಕಾಪಟ್ಟೆ ನಿದ್ದೆ. ದೇಹದೊಳಗೆ ಹೋದಮೇಲೆ ಅದರ ಬಾಲದ ತುದಿಯ ಆಲ್ಕೊಹಾಲನ್ನ ನಮ್ಮ ಲಿವರ್ರೇ ಆಸಿಡ್ ಗುಂಪಾಗಿ ಬದಲಾಯಿಸುತ್ತೆ. ಹಾಗೆ ಬದಲಾದ ವಸ್ತುವೇ ಸೆಟ್ರಿಜಿನ್! ಒಂದು ಕಡೆ ಅಮೀನ್ ಅನ್ನೋ ನೈಟ್ರೊಜನ್ ಗುಂಪು, ಇನ್ನೊಂದು ಕಡೆ ಆಸಿಡ್. ಪ್ಲಸ್ಸೂ ಇದೆ, ಮೈನಸ್ಸೂ ಇದೆ. ಇಂಥ ಚಾರ್ಜ್ ಹೊತ್ತುಕೊಂಡು ಮೆದುಳಿನ ಜಿಡ್ಡಿನ ಗೋಡೆ ದಾಟೋದು ಕಷ್ಟ. ಆದ್ದರಿಂದ ಮಂಪರು ಕಡಿಮೆ ಆಯ್ತು, ಪೂರ್ತಿ ಹೋಗಲಿಲ್ಲ.

ಈಗ ಫೆಕ್ಸೋಫೆನಡಿನ್. ಮೊದಲು ಬಂದಿದ್ದು ಇದಲ್ಲ, ಟರ್ಫೆನಡಿನ್. ನಿದ್ದೆ ಬರಿಸದ ಅಲರ್ಜಿ ಮಾತ್ರೆ ಅಂತ 1980ರ ದಶಕದಲ್ಲಿ ಜಗತ್ತಿನಾದ್ಯಂತ ಮಾರಾಟ ಆಯ್ತು. ಆಮೇಲೆ ಕೆಲವರಿಗೆ ಹೃದಯದ ಬಡಿತ ತಾಳ ತಪ್ಪೋಕೆ ಶುರುವಾಯ್ತು, ಸಾವುಗಳೂ ಆದವು. ಯಾರಿಗೆ ಅಂತ ನೋಡಿದರೆ, ಜೊತೆಗೆ ಎರಿಥ್ರೊಮೈಸಿನ್ ಅಥವಾ ಕೀಟೋಕೊನಝೋಲ್ ತಗೊಳ್ತಿದ್ದವರಿಗೆ, ಲಿವರ್ ಕೆಟ್ಟವರಿಗೆ. ಕಾರಣ ಹುಡುಕಿದಾಗ ಸಿಕ್ಕಿದ್ದು ಇದು: ಟರ್ಫೆನಡಿನ್ ನುಂಗಿದ ಕೂಡಲೇ ಲಿವರ್ ಅದನ್ನ ಹೆಚ್ಚುಕಡಿಮೆ ಪೂರ್ತಿಯಾಗಿ ಆಸಿಡ್ ರೂಪಕ್ಕೆ ತಿರುಗಿಸ್ತಿತ್ತು. ಅಲರ್ಜಿ ತಡೀತಿದ್ದದ್ದು ನಿಜಕ್ಕೂ ಆ ಆಸಿಡ್ ರೂಪ. ಆ ಬೇರೆ ಮಾತ್ರೆಗಳು ಲಿವರ್‌ನ ಕಿಣ್ವವನ್ನ ತಡೆದಾಗ ಟರ್ಫೆನಡಿನ್ ಹಾಗೇ ರಕ್ತದಲ್ಲಿ ಶೇಖರ ಆಗಿ, ಹೃದಯದ ಹರ್ಗ್ ಅನ್ನೋ ಪೊಟ್ಯಾಶಿಯಂ ಬಾಗಿಲನ್ನ ಮುಚ್ಚಿಬಿಡ್ತಿತ್ತು.

ಪರಿಹಾರ ಏನು? ಲಿವರ್ ಮಾಡಿಕೊಡ್ತಿದ್ದ ಆ ಆಸಿಡ್ ರೂಪವನ್ನೇ ಫ್ಲಾಸ್ಕಿನಲ್ಲಿ ಮಾಡಿ ಮಾತ್ರೆ ಮಾಡೋದು. ಅದೇ ಫೆಕ್ಸೋಫೆನಡಿನ್. ಹೃದಯದ ಬಾಗಿಲಿಗೆ ಅದು ಕೂರಲ್ಲ. ಮೆದುಳಿಗೆ ಹೋದರೂ ಅಲ್ಲಿನ ಪಿ-ಗ್ಲೈಕೊಪ್ರೋಟೀನ್ ಅನ್ನೋ ಪಂಪು ಹೊರಗೆ ಎಸೆಯುತ್ತೆ. ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ತು, ಟರ್ಫೆನಡಿನ್ ಆ ದಶಕದ ಕೊನೆಗೆ ಅಲ್ಲಿನ ಮಾರುಕಟ್ಟೆಯಿಂದ ಹೋಯ್ತು. ಎರಡೂ ಸ್ಟ್ರಕ್ಚರ್ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಒಂದೇ ಒಂದು ಮೂಲೆಯಲ್ಲಿ: ಮೂರು ಮೀಥೈಲ್ ಇದ್ದ ಕಡೆ ಒಂದು ಮೀಥೈಲ್ ಹೋಗಿ ಕಾರ್ಬಾಕ್ಸಿಲಿಕ್ ಆಸಿಡ್ ಬಂದಿದೆ, ಅಷ್ಟೇ. ಆ ಒಂದು ಮೂಲೆಯಲ್ಲಿ ಒಬ್ಬರ ಜೀವ ಇತ್ತು. ನಿಮ್ಮ ಮಗಳು ದಿನಾ ಮಾಡ್ತಿರೋದು ಇಂಥ ಮೂಲೆಗಳನ್ನ ಬದಲಾಯಿಸೋ ಕೆಲಸ ಸಾರ್.

ಬಸವನಗುಡಿ_ಮೆಡಿಕಲ್ಸ್ · 12:10

ಭೇಷ್. ಇದಕ್ಕೆ ಒಂದು ಬಾಲಂಗೋಚಿ: ಫೆಕ್ಸೋಫೆನಡಿನ್ ಮಾತ್ರೆಯನ್ನ ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ನುಂಗಬೇಡಿ. ಕರುಳಿನಿಂದ ಒಳಗೆ ಎಳೆದುಕೊಳ್ಳೋ ದಾರಿಯನ್ನೇ ಜ್ಯೂಸ್ ಅಡ್ಡಗಟ್ಟುತ್ತೆ, ಮಾತ್ರೆ ಸರಿಯಾಗಿ ಹತ್ತಲ್ಲ. ನೀರಲ್ಲೇ ತಗೊಳ್ಳಿ. ಇದನ್ನ ಓದಿ ಯಾರೂ ತಾವಾಗಿ ಮಾತ್ರೆ ಬದಲಾಯಿಸಿಕೊಳ್ಳಬೇಡಿ, ಡಾಕ್ಟರನ್ನ ಕೇಳಿ.

ಹಿತ್ತಲಗಿಡ · 12:47

ಎಲ್ಲ ಸರಿ. ಆದರೆ ಇಷ್ಟೆಲ್ಲ ಸರ್ಕಸ್ ಯಾಕೆ? ನಮ್ಮ ಹಿರಿಯರು ಗಿಡದ ಬೇರು ಅರೆದು ಕೊಡುತ್ತಿದ್ದರು. ಸರ್ಪಗಂಧಿ ಬೇರು ರಕ್ತದೊತ್ತಡಕ್ಕೆ, ಬುದ್ಧಿ ಕೆಟ್ಟವರಿಗೆ ಕೊಡುತ್ತಿದ್ದುದು ಎಲ್ಲರಿಗೂ ಗೊತ್ತು. ವಿದೇಶಿಯರು ಅದರಿಂದ ರಿಸರ್ಪಿನ್ ತೆಗೆದು ತಮ್ಮ ಹೆಸರು ಹಾಕಿಕೊಂಡರು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ನಮ್ಮಲ್ಲೇ ಹುಟ್ಟಿದ್ದು ಸುಮ್ಮನೆ ಅಲ್ಲ.

ಸಿಲಿಕಾಜೆಲ್ · 13:05

ಸಾರ್, ಗಿಡದ ವಿಷಯದಲ್ಲಿ ನಾನು ನಿಮ್ಮ ಕಡೆಯೇ. ರಿಸರ್ಪಿನ್ 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರ್ಪಡಿಸಿದ್ದು ನಿಜ. ಅದಕ್ಕೂ 20 ವರ್ಷ ಮೊದಲೇ, 1931ರಲ್ಲಿ, ದೆಹಲಿಯಲ್ಲಿ ಸಲೀಮುಝ್ಝಮಾನ್ ಸಿದ್ದೀಕಿ ಅವರು ಅದೇ ಬೇರಿನಿಂದ ಅಜ್ಮಲಿನ್ ಬೇರ್ಪಡಿಸಿದ್ದರು, ಗುರು ಹಕೀಂ ಅಜ್ಮಲ್ ಖಾನ್ ಅವರ ಹೆಸರಿಟ್ಟು. ನಮ್ಮವರು ಸುಮ್ಮನೆ ಕೂತಿರಲಿಲ್ಲ.

ತೊಡಕು ಇರೋದು ಬೇರೆ ಕಡೆ. ಒಂದು ಬೇರಿನಲ್ಲಿ ಎಷ್ಟು ರಿಸರ್ಪಿನ್ ಇದೆ ಅನ್ನೋದು ಮಣ್ಣು, ಮಳೆ, ಕಿತ್ತ ಕಾಲದ ಮೇಲೆ ಹೋಗುತ್ತೆ. ರಿಸರ್ಪಿನ್‌ನದು ಮಿಲಿಗ್ರಾಂಗಿಂತ ಕಡಿಮೆ ಲೆಕ್ಕದ ಡೋಸು. ಹೆಚ್ಚಾದರೆ ಬಿ.ಪಿ. ತೀರಾ ಇಳಿಯುತ್ತೆ, ಮನಸ್ಸು ಕುಗ್ಗುತ್ತೆ. ಚಿಟಿಕೆ ಲೆಕ್ಕದಲ್ಲಿ ಅದನ್ನ ಹಿಡಿಯೋಕೆ ಆಗಲ್ಲ. ಪಂಡಿತರ ಕೈಗುಣ ಎಷ್ಟೇ ಚೆನ್ನಾಗಿದ್ದರೂ.

ಜ್ಞಾನಭಾರತಿ_ಪಿಜಿ · 13:30

ನಾನು ಎಂಎಸ್ಸಿ ಫೈನಲ್ ಇಯರ್. ಮಲೇರಿಯಾಗೆ ಕೊಡೋ ಆರ್ಟಿಮಿಸಿನಿನ್ ಕೂಡ ಗಿಡದ್ದೇ ಅಲ್ವಾ ಸಾರ್? ಅದನ್ನ ಕಂಡುಹಿಡಿದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ನಮ್ಮ ಮೇಡಂ ಹೇಳಿದ್ದು, ಮೊದಲು ಎಲೆ ಕುದಿಸಿದಾಗ ಔಷಧಿ ಗುಣ ಹೋಗ್ತಿತ್ತಂತೆ, ಹಳೇ ಚೀನೀ ಗ್ರಂಥದಲ್ಲಿ ತಣ್ಣೀರಲ್ಲಿ ನೆನೆಸಿ ಹಿಂಡಿ ಅಂತ ಇದ್ದದ್ದು ನೋಡಿ ಈಥರ್‌ನಲ್ಲಿ ಕಡಿಮೆ ಬಿಸಿಯಲ್ಲಿ ತೆಗೆದರಂತೆ.

ಸಿಲಿಕಾಜೆಲ್ · 13:41

ಸರಿಯಾಗಿ ಹೇಳಿದ್ದೀರಿ. ಮುಂದಿನ ಸಾಲು ಸೇರಿಸ್ತೀನಿ. ಗಿಡದಿಂದ ಬಂದ ಆರ್ಟಿಮಿಸಿನಿನ್ ನೀರಿಗೂ ಸರಿಯಾಗಿ ಕರಗಲ್ಲ, ಎಣ್ಣೆಗೂ ಅಷ್ಟಕ್ಕಷ್ಟೇ. ಮಲೇರಿಯಾ ಮೆದುಳಿಗೇರಿ ಪ್ರಜ್ಞೆ ತಪ್ಪಿದವನಿಗೆ ಮಾತ್ರೆ ನುಂಗಿಸೋದು ಹೇಗೆ? ಒಂದು ಮೂಲೆ ಬದಲಾಯಿಸಿ ಆರ್ಟಿಸುನೇಟ್ ಮಾಡಿದರು, ಅದನ್ನ ರಕ್ತನಾಳಕ್ಕೆ ಇಂಜೆಕ್ಷನ್ ಕೊಡಬಹುದು. ಗಿಡ ಪ್ರಶ್ನೆಯ ಅರ್ಧ ಉತ್ತರ ಕೊಡ್ತು, ಉಳಿದ ಅರ್ಧ ನಮ್ಮ ಬೆಂಚಿನ ಮೇಲೆ.

ಹಿತ್ತಲಗಿಡ · 13:50

ಅರ್ಧ ಒಪ್ಪಿದೆ. ಉಳಿದ ಅರ್ಧ ಊಟ ಮಾಡಿ ಬಂದು ಜಗಳ ಮಾಡುತ್ತೇನೆ.

ಕೋರಮಂಗಲ_ಕೋಡರ್ · 15:15

ಒಂದು ಪ್ರಾಮಾಣಿಕ ಪ್ರಶ್ನೆ, ತಪ್ಪು ತಿಳೀಬೇಡಿ. ಎಐ ಬಂದಮೇಲೆ ಈ ಕೆಲಸ ಇರುತ್ತಾ? ಆಲ್ಫಾಫೋಲ್ಡ್ ಪ್ರೋಟೀನಿನ ಆಕಾರ ಹೇಳಿಬಿಡುತ್ತೆ, 2024ರ ಕೆಮಿಸ್ಟ್ರಿ ನೊಬೆಲ್‌ನಲ್ಲಿ ಅರ್ಧ ಅದಕ್ಕೇ ಹೋಯ್ತು. ಬೀಗದ ನಕ್ಷೆ ಸಿಕ್ಕಮೇಲೆ ಕೈ ಕಂಪ್ಯೂಟರೇ ಮಾಡುತ್ತೆ ಅಲ್ವಾ? ಅಂಕಲ್, ಮಗಳಿಗೆ ಪೈಥಾನ್ ಕಲಿಯೋಕೆ ಹೇಳಿ.

ಸಿಲಿಕಾಜೆಲ್ · 15:40

ಪೈಥಾನ್ ಕಲೀಲಿ, ನಾನೂ ಕಲೀತಾ ಇದ್ದೀನಿ, ಮಗನ ಹತ್ತಿರ ಬೈಸಿಕೊಂಡು. ನಿಮ್ಮ ಮಾತಿಗೆ ಬರ್ತೀನಿ. ಪ್ರೋಟೀನಿನ ಆಕಾರ ಸರಿ ಇದೆಯಾ ಅಂತ ಇಡೀ ಜಗತ್ತು ಇವತ್ತಿಗೂ ಪರೀಕ್ಷೆ ಮಾಡೋದು ರಾಮಚಂದ್ರನ್ ನಕ್ಷೆಯಲ್ಲಿ. ಜಿ.ಎನ್. ರಾಮಚಂದ್ರನ್ ಮತ್ತು ಅವರ ಜೊತೆಗಾರರು 1963ರಲ್ಲಿ ಮದ್ರಾಸಿನಲ್ಲಿ ಮಾಡಿದ್ದು. ಆಮೇಲೆ ಅವರು ಇಲ್ಲೇ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ (ಐಐಎಸ್‌ಸಿ) ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಹಾಗಾಗಿ ಆಕಾರದ ಬೆಲೆ ಬೆಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದ್ರೆ ಟರ್ಫೆನಡಿನ್ ಕಥೆ ಇನ್ನೊಂದ್ಸಲ ಓದಿ. ಅದು ಬೀಗಕ್ಕೆ ಕೂರಲ್ಲ ಅನ್ನೋ ತಕರಾರೇ ಇರಲಿಲ್ಲ. ಎಡವಿದ್ದು ಲಿವರ್‌ನಲ್ಲಿ, ಹೃದಯದಲ್ಲಿ. ಕಂಪ್ಯೂಟರ್ ನನಗೆ 50 ಸ್ಟ್ರಕ್ಚರ್ ಕೊಡುತ್ತೆ. ಅದರಲ್ಲಿ 30 ಕಾಗದದ ಮೇಲೆ ಮಾತ್ರ ಚಂದ, ಫ್ಲಾಸ್ಕಿನಲ್ಲಿ ಮಾಡೋಕೆ ಹೋದರೆ ಒಂದು ಜನ್ಮ ಸಾಲಲ್ಲ. ಉಳಿದದ್ದನ್ನ ಯಾರಾದ್ರೂ ಕೈಯಲ್ಲಿ ಮಾಡಲೇಬೇಕು. ಮಾಡಿ, ಇಲಿಗೆ ಕೊಟ್ಟು, ರಕ್ತ ತೆಗೆದು ನೋಡೋ ತನಕ ಯಾರ ಮಾತೂ ನಡೆಯಲ್ಲ, ನನ್ನದೂ ಸೇರಿ.

ಇಲಿಮನೆ · 16:02

ಇಲಿ ಅಂದ ತಕ್ಷಣ ಬಂದೆ. ನಾನು ಬಯಾಲಜಿ ಕಡೆಯವಳು. ಕೆಮಿಸ್ಟ್ರಿಯವರು ಕಷ್ಟಪಟ್ಟು ಮಾಡಿದ ಪುಡಿಯನ್ನ ಲಿವರ್‌ನ ಮೈಕ್ರೊಸೋಮ್ (ಕಿಣ್ವಗಳಿರೋ ಭಾಗ) ಜೊತೆ ಅರ್ಧ ಗಂಟೆ 37 ಡಿಗ್ರಿಯಲ್ಲಿ ಬಿಟ್ಟು ಎಷ್ಟು ಉಳೀತು ಅಂತ ನೋಡೋದು ನಮ್ಮ ಕೆಲಸ. ‘ಶೇ. 3 ಉಳಿದಿದೆ’ ಅಂತ ಮೇಲ್ ಹಾಕಿದ ದಿನ ಸಿಲಿಕಾಜೆಲ್ ಅವರಂಥವರು ಕ್ಯಾಂಟೀನಿನಲ್ಲಿ ನಮ್ಮ ಟೇಬಲ್ಲಿಗೆ ಬರಲ್ಲ!

ಆಗ ಅವರು ಮಾಡೋದು: ಕಿಣ್ವ ಎಲ್ಲಿ ಕಚ್ಚುತ್ತೋ ಅದೇ ಜಾಗಕ್ಕೆ ಹೈಡ್ರೊಜನ್ ತೆಗೆದು ಫ್ಲೋರಿನ್ ಹಾಕ್ತಾರೆ. ಕಾರ್ಬನ್–ಫ್ಲೋರಿನ್ ಬಂಧ ಗಟ್ಟಿ, ಕಿಣ್ವಕ್ಕೆ ಹಲ್ಲು ಊರಲು ಆಗಲ್ಲ. ಕೊಲೆಸ್ಟ್ರಾಲ್ ಮಾತ್ರೆ ಎಝೆಟಿಮೈಬ್‌ನಲ್ಲಿ ಇರೋ ಎರಡು ಫ್ಲೋರಿನ್ ಇದೇ ಲೆಕ್ಕದಲ್ಲಿ ಬಂದು ಕೂತಿರೋದು. ಆದ್ರೆ ಒಂದು ಕಡೆ ಮುಚ್ಚಿದರೆ ಲಿವರ್ ಇನ್ನೊಂದು ಕಡೆ ಕಚ್ಚುತ್ತೆ, ಅಥವಾ ಪುಡಿ ನೀರಿಗೆ ಕರಗೋದೇ ನಿಲ್ಲುತ್ತೆ. ಕಂಬಳಿ ಚಿಕ್ಕದು, ತಲೆ ಹೊದ್ದರೆ ಕಾಲು ಹೊರಗೆ.

ಜ್ಞಾನಭಾರತಿ_ಪಿಜಿ · 16:20

ಅದಕ್ಕೇ ಲಿಪಿನ್ಸ್ಕಿ ರೂಲ್ ಇರೋದು ಅಲ್ವಾ? ತೂಕ 500 ಒಳಗೆ, ಲಾಗ್‌ಪಿ (ಜಿಡ್ಡಿನ ಸ್ವಭಾವದ ಅಳತೆ) 5 ಒಳಗೆ, ಹೈಡ್ರೊಜನ್ ಬಂಧ ಕೊಡೋ ಗುಂಪು 5, ತಗೊಳ್ಳೋವು 10. ಪರೀಕ್ಷೆಗೆ ಗ್ಯಾರಂಟಿ ಪ್ರಶ್ನೆ.

ಸಿಲಿಕಾಜೆಲ್ · 16:26

ಪರೀಕ್ಷೆಗೆ ಬರೀರಿ, ಮಾರ್ಕ್ಸ್ ತಗೊಳ್ಳಿ. 1997ರಲ್ಲಿ ಅವರು ಅದನ್ನ ಹೇಳಿದ್ದು ಬಾಯಲ್ಲಿ ತಗೊಳ್ಳೋ ಔಷಧಿ ಕರುಳಿನಲ್ಲಿ ಹೀರಿಕೊಳ್ಳುತ್ತಾ ಅಂತ ಅಂದಾಜು ಮಾಡೋಕೆ. ಕಿಡ್ನಿ ಕಸಿ ಆದವರು ನುಂಗೋ ಸೈಕ್ಲೊಸ್ಪೊರಿನ್ ತೂಕ 1200 ದಾಟುತ್ತೆ, ಕೆಲಸ ಮಾಡುತ್ತೆ. ಪಂಚಾಂಗದ ರಾಹುಕಾಲ ನೋಡಿದ ಹಾಗೆ ನೋಡಿ, ಅವಸರ ಇದ್ದರೆ ಹೊರಡಿ.

ರಾಜಾಜಿನಗರ_ಅಪ್ಪ · 17:10

ಇಷ್ಟೊಂದು ಜನ ಬರೆದಿದ್ದೀರಿ, ತುಂಬಾ ಸಂತೋಷ. ಎರಡು ಸಲ ಓದಿದೆ. ಅವಿಲ್ ಕಥೆ ಹೆಂಡತಿಗೂ ಓದಿ ಹೇಳಿದೆ, ‘ಅದಕ್ಕೇ ನೀವು ಕೌಂಟರಿನಲ್ಲಿ ನಿದ್ದೆ ಮಾಡ್ತಿದ್ರಾ’ ಅಂದಳು.

ಆದರೂ ಒಳಗೊಂದು ಹುಳ ಕೊರೀತಿದೆ. ಎರಡು ವರ್ಷ ಆಯ್ತು. ಮಗು ಒಂದೊಂದು ದಿನ ಮುಖ ಸಣ್ಣ ಮಾಡ್ಕೊಂಡು ಬರ್ತಾಳೆ. ಏನೂ ಫಲ ಕಾಣದ ಕೆಲಸ ಅಲ್ವಾ ಇದು? ಇನ್ನು ಕಾಯಿಲೆ ಯಾವುದು ಅಂತಲೂ ಹೇಳಲ್ಲ ಅಂದ್ರೆ ಹೇಗೆ?

ಸಿಲಿಕಾಜೆಲ್ · 18:30

ಸಾರ್, ಎರಡನೇದಕ್ಕೆ ಮೊದಲು ಉತ್ತರ. ಅವಳು ಮುಚ್ಚಿಡ್ತಿಲ್ಲ. ಬೆಂಗಳೂರಿನ ಬಹಳಷ್ಟು ಕೆಮಿಸ್ಟ್ರಿ ಲ್ಯಾಬ್‌ಗಳು ಕಾಂಟ್ರ್ಯಾಕ್ಟ್ ರಿಸರ್ಚ್ ಮಾಡ್ತಾವೆ. 1993ರಲ್ಲಿ ಸಿಂಜಿನ್ ಅನ್ನೋ ಇಂಥ ಕಂಪನಿ ಶುರುವಾದ ಕಾಲದಿಂದ ಈ ಊರಿಗೆ ಇದು ಹೊಸದಲ್ಲ. ವಿದೇಶದ ಕಂಪನಿ ಸ್ಟ್ರಕ್ಚರ್ ಕಳಿಸುತ್ತೆ, ಇಲ್ಲಿ ಮಾಡಿ ಪುಟ್ಟ ಬಾಟಲಿಯಲ್ಲಿ ವಾಪಸ್ ಕಳಿಸ್ತೀವಿ. ಎಷ್ಟೋ ಪ್ರಾಜೆಕ್ಟಿನಲ್ಲಿ ಯಾವ ರೋಗಕ್ಕೆ ಅಂತ ಬೆಂಚಿನಲ್ಲಿ ನಿಂತವರಿಗೆ ಹೇಳೋದೇ ಇಲ್ಲ, ಕಾಂಪೌಂಡಿಗೆ, ಅಂದ್ರೆ ಮಾಲಿಕ್ಯೂಲಿಗೆ, ನಂಬರ್ ಮಾತ್ರ. ಗೊತ್ತಿದ್ದರೂ ಹೊರಗೆ ಹೇಳೋ ಹಾಗಿಲ್ಲ, ಸಹಿ ಹಾಕಿರ್ತೀವಿ. ನೀವು ಬ್ಯಾಂಕಿನವರು, ಗ್ರಾಹಕರ ಬ್ಯಾಲೆನ್ಸ್ ಮನೇಲಿ ಹೇಳ್ತಿದ್ರಾ?

ಇನ್ನು ಫಲದ ಮಾತು. ನಿಮ್ಮ ವಯಸ್ಸಿನವರಿಗೆ ನೆನಪಿರುತ್ತೆ, ಹೊಟ್ಟೆ ಹುಣ್ಣು ಅಂದ್ರೆ ಆಪರೇಷನ್ ಅಂತಿದ್ದ ಕಾಲ. ಜೇಮ್ಸ್ ಬ್ಲ್ಯಾಕ್ ಅನ್ನೋರು 1964ರಲ್ಲಿ ಇಂಗ್ಲೆಂಡಿನ ಒಂದು ಕಂಪನಿಯಲ್ಲಿ, ಹೊಟ್ಟೆಯಲ್ಲಿ ಆಸಿಡ್ ಸುರಿಸೋ ಹಿಸ್ಟಮಿನ್ನನ್ನ ತಡೆಯೋ ಔಷಧಿ ಹುಡುಕೋಕೆ ಹೊರಟರು. ಅಲರ್ಜಿಯದು ಒಂದು ರಿಸೆಪ್ಟರ್ ಆದರೆ ಹೊಟ್ಟೆಯದು ಇನ್ನೊಂದು, ಅವಿಲ್ ಅಲ್ಲಿ ಕೆಲಸ ಮಾಡಲ್ಲ. ಹಿಸ್ಟಮಿನ್ನಿನ ಮೂಲೆಗಳನ್ನ ಒಂದೊಂದಾಗಿ ಬದಲಾಯಿಸುತ್ತಾ ಹೋದರು. ಮೊದಲ ನಾಲ್ಕು ವರ್ಷದಲ್ಲಿ ಸುಮಾರು 200 ಕಾಂಪೌಂಡ್. ಒಂದೂ ತಡೆಯಲಿಲ್ಲ. ನಾಲ್ಕು ವರ್ಷ ಸಾರ್! ಆಮೇಲೆ ಶುರುವಿನಲ್ಲೇ ಮಾಡಿ ಪಕ್ಕಕ್ಕಿಟ್ಟಿದ್ದ ಒಂದನ್ನ ಮತ್ತೆ ಪರೀಕ್ಷೆಗೆ ಹಾಕಿದಾಗ ಸಣ್ಣದೊಂದು ತಡೆ ಕಾಣಿಸ್ತು. ಆ ಎಳೆ ಹಿಡಿದು ಬುರಿಮಮೈಡ್ ಬಂತು. ಅದು ಬಾಯಲ್ಲಿ ತಗೊಂಡರೆ ಸರಿಯಾಗಿ ಹತ್ತಲಿಲ್ಲ. ತಿದ್ದಿ ಮೆಟಿಯಮೈಡ್ ಮಾಡಿದರು. ರೋಗಿಗಳ ಹುಣ್ಣು ಮಾಯಲು ಶುರುವಾಯ್ತು. ಎಲ್ಲರೂ ಖುಷಿಯಲ್ಲಿದ್ದಾಗ ಕೆಲವರ ರಕ್ತದಲ್ಲಿ ಬಿಳಿ ಕಣ ಕುಸೀತು. ಅದರೊಳಗಿದ್ದ ಥಯೋಯೂರಿಯಾ ತುಂಡಿನ ಮೇಲೆ ಅನುಮಾನ. ಅದನ್ನ ಕಿತ್ತು ಸೈನೊಗ್ವಾನಿಡಿನ್ ಅನ್ನೋ ತುಂಡು ಕೂರಿಸಿದರು. ಅದು ಸಿಮೆಟಿಡಿನ್, 1976ರಲ್ಲಿ ಬ್ರಿಟನ್ನಿನ ಅಂಗಡಿಗೆ ಬಂತು. ಆಮೇಲೆ ಇನ್ನೊಂದು ಕಂಪನಿ ಅದರ ಇಮಿಡಝೋಲ್ ಉಂಗುರ ತೆಗೆದು ಫ್ಯೂರಾನ್ ಹಾಕಿ ರ‍್ಯಾನಿಟಿಡಿನ್ ಮಾಡ್ತು, ನಮ್ಮ ಊರಿನ ಮನೆಮನೆಯ ರ‍್ಯಾಂಟ್ಯಾಕ್, ಝಿನೆಟ್ಯಾಕ್ ಅದೇ. ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು.

ಆ 200ರಲ್ಲಿ 143ನೇದನ್ನ ಮಾಡಿದ ಹುಡುಗಿಯ ಅಪ್ಪ ಏನು ಕೇಳಿರಬಹುದು ಅಂತ ನಾನು ಆಗಾಗ ಯೋಚನೆ ಮಾಡ್ತೀನಿ.

ಬೀದರ_ಬಾಯ್ಲರ್ · 19:05

ಏನ್ರೀ ಸಿಲಿಕಾಜೆಲ್ ಸಾಹೇಬ್ರ, ಬರೇ ನಿಮ್ದೇ ಹೇಳ್ಕೋತೀರಿ. ನಾವ್ ಬೀದರದ ಕೊಳಾರ ಇಂಡಸ್ಟ್ರಿಯಲ್ ಏರಿಯಾದಾಗ ಹತ್ತ ವರ್ಷ ಬಲ್ಕ್ ಡ್ರಗ್ ಮಾಡಿ ಈಗ ಪೀಣ್ಯಾದಾಗ ಅದೀವಿ. ನಿಮ್ಮಂಥಾವ್ರು 50 ಮಿಲಿಗ್ರಾಂ ಮಾಡಿ ಚಪ್ಪಾಳಿ ತಟ್ಕೋತೀರಿ. ಒಂಬತ್ತ ಸ್ಟೆಪ್ಪು, ಆರ ಕಾಲಮ್ಮು (ಸಿಲಿಕಾ ತುಂಬಿದ ಗಾಜಿನ ಕೊಳವ್ಯಾಗ ಇಳಿಸಿ ಶುದ್ಧ ಮಾಡೋದು), ಮೈನಸ್ 78 ಡಿಗ್ರಿ! ನಮಗ ಅದನ್ನ 200 ಕಿಲೋ ಮಾಡ್ರಿ ಅಂತಾರ. ರಿಯಾಕ್ಟರಿನ್ಯಾಗ ಕಾಲಮ್ ಹಾಕ್ಲಿಕ್ಕೆ ಬರ್ತದೇನ್ರೀ? ಡಿಸಿಎಂ ಅನ್ನೋ ಸಾಲ್ವೆಂಟ್, ಅಂದ್ರ ಕರಗಸೋ ದ್ರವಾ, ಸುರುವೋದು ನಿಮಗ ನೀರು ಸುರುವಿದಂಗ. ನಾವು ಹರಳು ಕಟ್ಟಿಸಿ ಶುದ್ಧ ಮಾಡಬೇಕು, ಸಾಲ್ವೆಂಟ್ ತಿರುಗಿ ಹಿಡೀಬೇಕು, ಮ್ಯಾಲಿಂದ ಪೊಲ್ಯೂಷನ್ ಬೋರ್ಡಿಗೆ ಲೆಕ್ಕಾ ಕೊಡಬೇಕು. ಹುಡಿಗಿಗೆ ಬೇಜಾರಾದ್ರ ನಮ್ಮ ಕಡೆ ಕಳಸ್ರಿ, ಟನ್ನುಗಟ್ಟಲೆ ಫಲಾ ಕಣ್ಣಾರೆ ಕಾಣ್ತದ.

ಸಿಲಿಕಾಜೆಲ್ · 19:12

ಅಣ್ಣಾ, ತಪ್ಪಾಯ್ತು, ಕಾಲು ಹಿಡೀತೀನಿ 🙏 ಆದ್ರೆ ನನಗೆ ಬೇಕಿರೋದು ಈ ವಾರವೇ 20 ಬೇರೆ ಬೇರೆ ಮಾಲಿಕ್ಯೂಲ್, ತಲಾ 10 ಮಿಲಿಗ್ರಾಂ. 19 ಸಾಯ್ತವೆ ಅಂತ ಗೊತ್ತಿದ್ದಾಗ ಹರಳು ಕಟ್ಟಿಸ್ತಾ ಕೂರೋಕಾಗುತ್ತಾ?

ಬೀದರ_ಬಾಯ್ಲರ್ · 19:15

ಹೌದ್ ಬಿಡ್ರಿ, ಅದೂ ಖರೇನ.

ಇಲಿಮನೆ · 19:48

ಬೆಂಗಳೂರಲ್ಲೇ ಹುಟ್ಟಿದ ಮಾಲಿಕ್ಯೂಲ್ ಕೂಡ ಮನುಷ್ಯರ ತನಕ ಹೋಗಿದೆ ಅಂಕಲ್, ಇದನ್ನ ಹೇಳಲೇಬೇಕು. ಹೆಬ್ಬಾಳದ ಹತ್ತಿರ ಬಳ್ಳಾರಿ ರಸ್ತೆಯಲ್ಲಿ ಆಸ್ಟ್ರಾಜೆನೆಕಾದ ಸಂಶೋಧನಾ ಕೇಂದ್ರ ಇತ್ತು, ಕ್ಷಯದ ಮೇಲೆ ಕೆಲಸ. ಟಿಬಿ ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟೋಕೆ ಬಳಸೋ ಡಿಪಿಆರ್‌ಇ1 ಅನ್ನೋ ಕಿಣ್ವವನ್ನ ತಡೆಯೋ, ಅಝಾಇಂಡೋಲ್ ಉಂಗುರ ಇರೋ ಮಾಲಿಕ್ಯೂಲ್ ಸರಣಿಯನ್ನ ಅಲ್ಲಿ ಮಾಡಿದರು, 2013ರಲ್ಲಿ ಪ್ರಕಟ ಆಯ್ತು. ಬೇರೊಂದು ಉಂಗುರದಿಂದ ಶುರು ಮಾಡಿ ಅಸ್ಥಿಪಂಜರವನ್ನೇ ಬದಲಾಯಿಸಿ ಸಿಕ್ಕಿದ್ದು ಅದು. ಕಂಪನಿ 2014ರಲ್ಲಿ ಆ ಕೇಂದ್ರ ಮುಚ್ಚಿತು. ಮಾಲಿಕ್ಯೂಲ್ ಮಾತ್ರ ಸಾಯಲಿಲ್ಲ, ಟಿಬಿಎ-7371 ಅನ್ನೋ ಹೆಸರಲ್ಲಿ ಬೇರೆ ಸಂಸ್ಥೆಗಳ ಕೈಗೆ ಹೋಗಿ ರೋಗಿಗಳ ಮೇಲಿನ ಎರಡನೇ ಹಂತದ ಪರೀಕ್ಷೆ ತನಕ ಬಂತು. ಅಲ್ಲಿದ್ದ ಕೆಲವರು ಸೇರಿ ಕಟ್ಟಿದ ಬಗ್‌ವರ್ಕ್ಸ್ ಇವತ್ತಿಗೂ ಇದೇ ಊರಲ್ಲಿ ಹೊಸ ಆಂಟಿಬಯೋಟಿಕ್ ಹುಡುಕ್ತಾ ಇದೆ.

ಹಿತ್ತಲಗಿಡ · 20:20

ಊಟ, ನಿದ್ದೆ ಎರಡೂ ಆಯಿತು, ಜಗಳಕ್ಕೆ ಬಂದಿದ್ದೇನೆ. ಇಷ್ಟು ಕಷ್ಟಪಟ್ಟು ಮಾಡಿದ ಔಷಧಿ ಬಡವನ ಕೈಗೆ ಸಿಗುತ್ತದೆಯೇ? ರಕ್ತದ ಕ್ಯಾನ್ಸರಿನ ಗ್ಲಿವೆಕ್ ತಿಂಗಳಿಗೆ ಲಕ್ಷ ದಾಟುತ್ತಿತ್ತಲ್ಲ? ಇದಕ್ಕೆ ಕೆಮಿಸ್ಟ್ರಿ ಏನು ಹೇಳುತ್ತದೆ?

ಸಿಲಿಕಾಜೆಲ್ · 20:44

ಇದಕ್ಕೆ ಕೆಮಿಸ್ಟ್ರಿಗಿಂತ ಕೋರ್ಟು ಚೆನ್ನಾಗಿ ಉತ್ತರ ಹೇಳ್ತು. ಗ್ಲಿವೆಕ್ ಒಳಗಿರೋ ಇಮಾಟಿನಿಬ್ ನನ್ನ ಮಟ್ಟಿಗೆ ಕಲಾಕೃತಿ. ಒಂದು ಮೀಥೈಲ್ ಸೇರಿಸಿದ್ದಕ್ಕೆ ಬೇಡದ ಇನ್ನೊಂದು ಕಿಣ್ವವನ್ನ ಮುಟ್ಟೋದು ಬಿಡ್ತು, ಪಿಪರಝಿನ್ ಸೇರಿಸಿದ್ದಕ್ಕೆ ನೀರಿಗೆ ಕರಗ್ತು. ಅದನ್ನ ಮಾಡಿದವರಿಗೆ ನಾನು ಕೈ ಮುಗೀತೀನಿ. ಆದ್ರೆ ಗೊತ್ತಿರೋ ಅದೇ ವಸ್ತುವಿನ ಹೊಸ ಹರಳಿನ ರೂಪಕ್ಕೆ ಮತ್ತೆ ಪೇಟೆಂಟ್ ಕೇಳಿದಾಗ ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಆಗಲ್ಲ ಅಂತು, ಪೇಟೆಂಟ್ ಕಾಯ್ದೆಯ 3(ಡಿ) ಹಿಡಿದು. ಹರಳು ಬದಲಾದ ಮಾತ್ರಕ್ಕೆ ರೋಗಿಗೆ ಹೆಚ್ಚಿನ ಗುಣ ಆಗಲ್ಲ ಅನ್ನೋದು ತಿರುಳು. ನಮ್ಮ ಆಫೀಸಿನಲ್ಲಿ ಆ ದಿನ ಎರಡು ಪಾರ್ಟಿ ಆಗಿ ಕಿತ್ತಾಡಿದ್ದು ನೆನಪಿದೆ. ನಾನು ಕೋರ್ಟಿನ ಪಾರ್ಟಿ.

ಹಿತ್ತಲಗಿಡ · 20:50

ಹಾಗಾದರೆ ಇವತ್ತಿಗೆ ಜಗಳ ಇಲ್ಲ.

ಸಿಲಿಕಾಜೆಲ್ · 21:15

ರಾಜಾಜಿನಗರದ ಸಾರ್, ಕೊನೇದಾಗಿ ಒಂದು. ಮುಖ ಸಣ್ಣ ಮಾಡ್ಕೊಂಡು ಬರೋ ದಿನ ಏನಾಗಿರುತ್ತೆ ಅಂತ ನನಗೆ ಗೊತ್ತು, ಹೇಳ್ತೀನಿ.

ನಾನು ಸೇರಿದ ಮೂರನೇ ವರ್ಷ. ಹೆಸರು ಬೇಡ, ಹಳೇ ಕಂಪನಿ. ಎಂಟು ಸ್ಟೆಪ್ ಮುಗಿಸಿ ಕೊನೇದು ಹಾಕಿದ್ದೆ, ಏಳು ವಾರದ ಕೆಲಸ. ಟಿಎಲ್‌ಸಿ ಪ್ಲೇಟಿನಲ್ಲಿ (ರಿಯಾಕ್ಷನ್ ಆಯ್ತಾ ಅಂತ ನೋಡೋ, ಸಿಲಿಕಾ ಬಳಿದ ಪಟ್ಟಿ) ಪೆನ್ಸಿಲ್ ಗೆರೆ ಎಳೆದು ಮೂರು ಚುಕ್ಕೆ ಇಟ್ಟೆ: ಎಡಕ್ಕೆ ಶುರುವಿನ ವಸ್ತು, ಬಲಕ್ಕೆ ರಿಯಾಕ್ಷನ್, ಮಧ್ಯೆ ಎರಡೂ. ಯುವಿ ದೀಪದ ಕೆಳಗೆ ಹಿಡಿದರೆ ಹಸಿರು ಪ್ಲೇಟಿನ ಮೇಲೆ ನೇರಳೆ ಬಣ್ಣದ ಹೊಸ ಚುಕ್ಕೆ, ಬಲಗಡೆ ಸಾಲಿನಲ್ಲಿ ಶುರುವಿನ ವಸ್ತು ಪೂರ್ತಿ ಮಾಯ. ಆ ಹೊತ್ತಿನ ಖುಷಿ ಮದುವೆ ದಿನವೂ ಆಗಲಿಲ್ಲ (ಮನೆಯವಳು ಈ ವೇದಿಕೆ ಓದಲ್ಲ). ಕಾಲಮ್ ಮಾಡಿ ಶುದ್ಧ ಆದ ಭಾಗಗಳನ್ನ ಒಂದೇ ಫ್ಲಾಸ್ಕಿಗೆ ಸುರಿದು, ಸಾಲ್ವೆಂಟ್ ಆರಿಸೋ ರೋಟಾವಾಪ್‌ಗೆ ಹಾಕಿದೆ. ವ್ಯಾಕ್ಯೂಮ್ ಅವಸರದಲ್ಲಿ ಜಾಸ್ತಿ ಮಾಡಿದೆ. ಹಾಲು ಉಕ್ಕಿದ ಹಾಗೆ ಬುಸ್ ಅಂತ ಉಕ್ಕಿ ಮೇಲಿನ ಗಾಜಿಗೆಲ್ಲ ಹರಡಿ, ಅರ್ಧ ಹಳೇ ಸಾಲ್ವೆಂಟ್ ಬಾಟಲಿಗೆ ಇಳೀತು. ಅದಕ್ಕೆ ಬಂಪ್ ಅಂತೀವಿ. ಸಂಜೆ 5:30, ಕ್ಯಾಬ್ 6ಕ್ಕೆ. ಕ್ಯಾಬ್ ಬಿಟ್ಟೆ. ಗಾಜನ್ನೆಲ್ಲ ತೊಳೆದು, ಮತ್ತೆ ಕಾಲಮ್ ಮಾಡಿ, ರಾತ್ರಿ ಹನ್ನೊಂದಕ್ಕೆ 12 ಮಿಲಿಗ್ರಾಂ ಬಿಳಿ ಪುಡಿ ಸಿಕ್ತು, ಚಿಟಿಕೆ ಉಪ್ಪಿಗಿಂತ ಕಡಿಮೆ. ಕಳಿಸಿದೆವು. ಮೂರು ವಾರಕ್ಕೆ ಫಲಿತಾಂಶ ಬಂತು: ಇನ್‌ಆಕ್ಟಿವ್.

ಆದ್ರೆ ಆ ‘ಇನ್‌ಆಕ್ಟಿವ್’ ನೋಡಿಯೇ ನಮ್ಮ ಟೀಮ್ ಆ ಮೂಲೆ ಮುಟ್ಟೋದು ಬಿಟ್ಟು ಇನ್ನೊಂದು ಮೂಲೆಗೆ ಹೋಯ್ತು. ನೀವು ಅವಳನ್ನ ‘ಯಾವ ಔಷಧಿ ಮಾಡಿದೆ’ ಅಂತ ಕೇಳಬೇಡಿ ಸಾರ್. ‘ಇವತ್ತು ಕಾಲಮ್ ಹೇಗಿತ್ತು’ ಅಂತ ಕೇಳಿ.

ರಾಜಾಜಿನಗರ_ಅಪ್ಪ · ಮಂಗಳವಾರ ರಾತ್ರಿ 10:05

ಕೇಳಿದೆ ಸಾರ್. ಸೋಮವಾರ ಧೈರ್ಯ ಬರಲಿಲ್ಲ, ಇವತ್ತು ಊಟಕ್ಕೆ ಕೂತಾಗ ಕೇಳಿದೆ. ತುತ್ತು ಕೈಯಲ್ಲೇ ಹಿಡ್ಕೊಂಡು ನನ್ನ ಮುಖ ನೋಡಿದಳು. ‘ನಿಮಗೆ ಕಾಲಮ್ ಅಂತ ಯಾರು ಹೇಳಿಕೊಟ್ಟರು?’ ಅಂದಳು. ಆಮೇಲೆ ಕೈ ತೊಳೆಯೋದೂ ಮರೆತು ಮುಕ್ಕಾಲು ಗಂಟೆ ಮಾತಾಡಿದಳು. ಕ್ಯಾಲೆಂಡರ್ ಹಾಳೆಯ ಹಿಂದೆ ನನ್ನ ಸೆಟ್ರಿಜಿನ್ ಬರೆದು, ಇಲ್ಲಿ ಆಸಿಡ್, ಇಲ್ಲಿ ಅಮೀನ್ ಅಂತ ತೋರಿಸಿದಳು. ಹಾಗಾದ್ರೆ ನಿನ್ನದು ಬರಿ ಅಂದೆ. ಪೆನ್ನಿನ ಕ್ಯಾಪ್ ಹಾಕಿಬಿಟ್ಟಳು. ನಾನೂ ಮುಂದೆ ಕೇಳಲಿಲ್ಲ.

ಒಂದು ಮಾತ್ರ ಅರ್ಥ ಆಗಲಿಲ್ಲ. ‘ಸ್ಪಾಟ್ ಬಾಲ ಬಿಡ್ತಿತ್ತು ಅಪ್ಪ, ಟ್ರೈಎಥೈಲಮೀನ್ ಹಾಕಿದ ಮೇಲೆ ಸರಿಹೋಯ್ತು’ ಅಂದಳು. ತಲೆ ಆಡಿಸಿದೆ. ನಾಳೆ ಮತ್ತೆ ಮಾತು ಬಂದರೆ ಸಿಕ್ಕಿಬೀಳ್ತೀನಿ. ಅದೇನು ಸಾರ್?

ಸಿಲಿಕಾಜೆಲ್ · 22:20

ಸಿಲಿಕಾ ಸ್ವಲ್ಪ ಆಸಿಡ್ ಸ್ವಭಾವದ್ದು ಸಾರ್. ಅಮೀನ್ ಇರೋ ಕಾಂಪೌಂಡ್ ಅದಕ್ಕೆ ಅಂಟಿಕೊಂಡು ಎಳೆದಾಡುತ್ತೆ, ಚುಕ್ಕೆ ಗುಂಡಗೆ ಬರದೆ ಧೂಮಕೇತು ಥರ ಬಾಲ ಬಿಡುತ್ತೆ. ಸಾಲ್ವೆಂಟಿಗೆ ಶೇ. 1ರಷ್ಟು ಟ್ರೈಎಥೈಲಮೀನ್ ಹಾಕಿದರೆ ಅಂಟೋ ಜಾಗಗಳಲ್ಲಿ ಅದು ಮೊದಲೇ ಹೋಗಿ ಕೂರುತ್ತೆ, ನಮ್ಮ ಕಾಂಪೌಂಡ್ ಸಲೀಸಾಗಿ ಇಳಿದು ಬರುತ್ತೆ. ವಾಸನೆ ಮಾತ್ರ ಕೊಳೆತ ಮೀನು. ನಾಳೆ ಅವಳ ದುಪಟ್ಟಾ ವಾಸನೆ ಬಂದರೆ ಏನೂ ಅನ್ನಬೇಡಿ.